ಮತಪತ್ರದ ಕೊನೆಯ ಖಾಲಿ ಗೆರೆ

ಮುಳಬಾಗಿಲಿನ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದಾಗ, ಆನ್‌ಲೈನ್‌ನಲ್ಲಿ ಅಣಕು ಸರ್ಕಾರದ ಚುನಾವಣೆ ನಡೆಸಬೇಕೆಂದು ಪ್ರಾಂಶುಪಾಲರಿಗೆ ಹೊಳೆಯಿತು. ವಿದ್ಯಾರ್ಥಿಗಳು ಫೋನಿನಲ್ಲೇ ಮತ ಹಾಕಿ ಪ್ರಧಾನಮಂತ್ರಿಯನ್ನು ಆರಿಸಬೇಕು. ನಿಯಮ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಪ್ರಜಾಪ್ರಭುತ್ವ ಎಷ್ಟು ಉದಾರವಾದದ್ದೆಂದು ತೋರಿಸುವ ಹುಮ್ಮಸ್ಸಿನಲ್ಲಿ ಮತಪತ್ರದ ಕೊನೆಗೆ ಒಂದು ಖಾಲಿ ಗೆರೆ ಬಿಟ್ಟೆ. ಪಟ್ಟಿಯಲ್ಲಿ ಇಲ್ಲದವರ ಹೆಸರನ್ನು ಬೇಕಾದವರು ಅಲ್ಲಿ ಬರೆಯಬಹುದು. ಯಾರೂ ಬರೆಯುವುದಿಲ್ಲ ಎಂಬ ಧೈರ್ಯ ನನಗಿತ್ತು.

ಮತದಾನ ಆನ್‌ಲೈನ್ ಆದರೂ ನಾಮಪತ್ರವನ್ನು ಮಾತ್ರ ಕಾಗದದಲ್ಲಿ, ಮೂರು ಪ್ರತಿ ಮಾಡಿ, ಖುದ್ದಾಗಿ ಬೆಳಿಗ್ಗೆ ಹನ್ನೊಂದರೊಳಗೆ ತಂದುಕೊಡಬೇಕಿತ್ತು. ಎಷ್ಟಾದರೂ ಡಿಜಿಟಲ್ ಯುಗ. ಯಲ್ದೂರಿನಿಂದ ಬರುತ್ತಿದ್ದ ಕೊನೆಯ ವರ್ಷದ ಹುಡುಗಿಯೊಬ್ಬಳು ಬಸ್ಸು ತಪ್ಪಿ ಹನ್ನೊಂದೂಕಾಲಿಗೆ ಏದುಸಿರು ಬಿಡುತ್ತ ಬಂದಳು. ಪ್ರಾಂಶುಪಾಲರು ಗಡಿಯಾರ ತೋರಿಸಿದರು. ಕಣದಲ್ಲಿ ಉಳಿದವನು ಎರಡನೇ ವರ್ಷದ ಒಬ್ಬನೇ ಹುಡುಗ. ಅವನಿಂದಲೂ ಪ್ರಾಂಶುಪಾಲರೇ ಹೇಳಿ ನಾಮಪತ್ರ ಹಾಕಿಸಿದ್ದರು.

"ಆ ಖಾಲಿ ಗೆರೇಲಿ ನನ್ ಹೆಸ್ರು ಬರೀಬೋದಾ ಸಾರ್?" ಎಂದಳು ಹುಡುಗಿ.

"ಧಾರಾಳವಾಗಿ ಬರೀಬೋದಮ್ಮ," ಎಂದೆ.

ಮರುದಿನದಿಂದ ನನ್ನ ಧಾರಾಳತನಕ್ಕೆ ತಿದ್ದುಪಡಿಗಳು ಶುರುವಾದವು. ಖಾಲಿ ಗೆರೆಯಿಂದ ಗೆಲ್ಲಬಯಸುವವರು ಮುಚ್ಚಳಿಕೆ ಬರೆದುಕೊಡಬೇಕೆಂದು ಪ್ರಾಂಶುಪಾಲರು ಹೇಳಿದರು, ನಾನು ಬರೆದೆ, ಅವಳು ಕೊಟ್ಟಳು. ಹತ್ತು ಜನ ಸೂಚಕರು ಬೇಕೆಂದರು. ಅವಳು ಇಡೀ ತರಗತಿಯ ಸಹಿ ತಂದಳು. ಪಟ್ಟಿಯಲ್ಲಿಲ್ಲದವರು ವಾಟ್ಸಾಪ್‌ನಲ್ಲಿ ಪ್ರಚಾರ ಮಾಡುವಂತಿಲ್ಲ ಎಂದರು. ಅವಳು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಒಬ್ಬೊಬ್ಬರಿಗೂ ಹೇಳಿದಳು. ಕೊನೆಗೆ, ಹೆಸರು ಗುರುತಿನ ಚೀಟಿಯಲ್ಲಿರುವಂತೆಯೇ ಕನ್ನಡದಲ್ಲಿ, ಒಂದಕ್ಷರವೂ ತಪ್ಪದೆ ಇರತಕ್ಕದ್ದು ಎಂಬ ನಿಯಮ ಬಂತು. ಅವಳ ಹೆಸರಿನಲ್ಲಿ ಎರಡು ಒತ್ತಕ್ಷರ, ತುದಿಗೊಂದು ದೀರ್ಘ. ಅದು ಗೊತ್ತಿದ್ದೇ ಬರೆದೆ.

ಎಣಿಕೆಗೆ ಕಂಪ್ಯೂಟರಿನ ಮುಂದೆ ಪ್ರಾಂಶುಪಾಲರು, ಕಂಪ್ಯೂಟರ್ ಮೇಡಂ ಮತ್ತು ನಾನು ಕೂತೆವು. ಹೆಚ್ಚಿನ ಮತಗಳು ಖಾಲಿ ಗೆರೆಯಲ್ಲೇ ಇದ್ದವು. ಕೆಲವು ಇಂಗ್ಲಿಷ್ ಅಕ್ಷರದಲ್ಲಿ, ಆಂಧ್ರ ಗಡಿಯ ನಂಗಲಿ ಕಡೆಯವರವು ತೆಲುಗಿನಲ್ಲಿ, ಕನ್ನಡದವು ಒತ್ತೋ ದೀರ್ಘವೋ ತಪ್ಪಿ, ಒಂದಿಷ್ಟು ಬರೀ 'ಯಲ್ದೂರಕ್ಕ' ಎಂದು.

"ರೂಲ್ ಅಂದ್ರೆ ರೂಲ್ ಕಣ್ರೀ. ನೀವೇ ಬರ್ದಿದ್ದಲ್ವಾ?" ಎಂದರು ಪ್ರಾಂಶುಪಾಲರು.

ನಾನು ಒಂದೊಂದನ್ನೂ ಓದಿ ಅಸಿಂಧು, ಅಸಿಂಧು ಎನ್ನುತ್ತ ಹೋದೆ. ನನ್ನ ನಿಯಮಾವಳಿಯಲ್ಲೇ 'ಅಭ್ಯರ್ಥಿ' ಎಂಬುದು 'ಅಬ್ಯರ್ಥಿ' ಆಗಿರುವುದನ್ನು ಮೇಡಂ ಬೆರಳಿಟ್ಟು ತೋರಿಸಿದರು. ಪ್ರಾಂಶುಪಾಲರು ಅದು ಸಿಂಧು ಎಂದರು.

ಎರಡನೇ ವರ್ಷದ ಹುಡುಗ ಗೆದ್ದನೆಂದು ನೋಟಿಸ್ ಬೋರ್ಡಿಗೆ ಫಲಿತಾಂಶ ಹಚ್ಚಿದ ಮೇಲೆ ಆ ಹುಡುಗಿ ಸ್ಟಾಫ್ ರೂಮಿಗೆ ಬಂದಳು. "ಅದು ನಾನೇ ಅಂತ ನಿಮ್ಗೆ ಗೊತ್ತಾಗ್ಲಿಲ್ವಾ ಸಾರ್?"

"ಗೊತ್ತಾಯ್ತಮ್ಮ."

"ಮತ್ತೆ?"

ಮತದಾರನ ಇಂಗಿತವೇ ಪ್ರಜಾಪ್ರಭುತ್ವದ ಜೀವಾಳ ಎಂದು ಹಿಂದಿನ ವಾರವಷ್ಟೇ ಅವಳ ತರಗತಿಗೆ ನೋಟ್ಸ್ ಬರೆಸಿದ್ದೆ. ಮೇಜಿನ ಮೇಲಿದ್ದ ಹಾಜರಿ ಪುಸ್ತಕ ಬಿಡಿಸಿ ಓದತೊಡಗಿದೆ. ಅವಳು ಹೊರಟುಹೋದಳು. ಅಷ್ಟು ಚಿಕ್ಕವನಾಗಿ ನಾನು ಆ ಕುರ್ಚಿಯಲ್ಲಿ ಯಾವತ್ತೂ ಕೂತಿರಲಿಲ್ಲ.

ಆಮೇಲೆ ಬಂದವನು ಸಾಕ್ಷಾತ್ ಪ್ರಧಾನಮಂತ್ರಿ. "ಸಾರ್, ನಾನೂ ಅಕ್ಕಂಗೇ ಹಾಕಿದ್ದು. ದೀರ್ಘ ಬಿಟ್ಹೋಯ್ತು ಅನ್ಸುತ್ತೆ."

ಮುಂದಿನ ಸೋಮವಾರ ವಿದ್ಯಾರ್ಥಿಗಳೇ ಸದಸ್ಯರಾದ ಅಣಕು ಸಂಸತ್ತು ಪರದೆಯ ಮೇಲೆ ಸೇರಿತು. ಪ್ರಧಾನಿ ಮೊದಲ ಮಾತಿಗೇ, "ಸಭಾಧ್ಯಕ್ಷರ ಸ್ಥಾನಕ್ಕೆ ಯಲ್ದೂರಕ್ಕನ್ನ ಸೂಚಿಸ್ತೀನಿ," ಎಂದ. ಪರದೆಯ ತುಂಬ ಕೈಗಳು ಎದ್ದವು. ನಾನು ನಿಯಮಾವಳಿ ತಿರುವಿ ಹಾಕಿದೆ. ಸಭಾಧ್ಯಕ್ಷರ ಆಯ್ಕೆಗೆ ಒಂದು ಸಾಲನ್ನೂ ಬರೆದಿರಲಿಲ್ಲ. ಜೀವನದಲ್ಲಿ ಮೊದಲ ಸಲ ನನ್ನ ಸೋಮಾರಿತನ ದೇಶಸೇವೆಗೆ ಒದಗಿತ್ತು.

"ಏನ್ರೀ ಇದು..." ಎಂದು ಪ್ರಾಂಶುಪಾಲರು ಶುರು ಮಾಡಿದರು.

"ಸದಸ್ಯರಲ್ಲದವ್ರು ದಯವಿಟ್ಟು ಮೈಕ್ ಆಫ್ ಮಾಡ್ಕೊಳ್ಳಿ," ಎಂದಳು ಸಭಾಧ್ಯಕ್ಷೆ, ದನಿ ಏರಿಸದೆ.

ನಾನು ತಕ್ಷಣ ನನ್ನದನ್ನು ಆಫ್ ಮಾಡಿದೆ.