ನಡೆಯಲಾಗದ ಶೂ

‘ಹೇಗೂ ಹೋಗ್ತಾ ಇದೀಯಲ್ಲ’ ಎಂಬ ಮಾತನ್ನು ರತ್ನಪ್ರಭಾ ಮದುವೆಯಾಗಿ ಫರೀದಾಬಾದಿಗೆ ಬಂದಾಗಿನಿಂದ ಕೇಳುತ್ತಿದ್ದಾಳೆ. ಹೇಗೂ ಅಡುಗೆಮನೆಗೆ ಹೋಗ್ತಾ ಇದೀಯಲ್ಲ, ಒಂದು ಲೋಟ ನೀರು. ಹೇಗೂ ಆಫೀಸಿಗೆ ಹೋಗ್ತಾ ಇದೀಯಲ್ಲ, ಬರ್ತಾ ಅಮ್ಮನ ಮಾತ್ರೆ. ಅವಳೂ ಅವಳ ಗಂಡ ದಕ್ಷಿಣಾಮೂರ್ತಿಯೂ ದೆಹಲಿಯಲ್ಲಿ ಕೇಂದ್ರ ಸರ್ಕಾರದ ನೌಕರರು. ಒಂದೇ ಮೆಟ್ರೊದಲ್ಲಿ ಹೋಗಿ ಒಂದೇ ಮೆಟ್ರೊದಲ್ಲಿ ಬರುತ್ತಾರೆ. ಆದರೂ ಮನೆಯಲ್ಲಿ ಹೇಗೂ ಹೋಗುವವಳು ಅವಳೊಬ್ಬಳೇ.

ಇಂಥವಳಿಗೆ ನಲವತ್ತು ದಾಟಿದ ಮೇಲೆ ಸೈಕಲ್ಲಿನ ಹುಚ್ಚು ಹಿಡಿಯಿತು. ಮಗಳು ಸ್ಫೂರ್ತಿ ಹಟ ಮಾಡಿ ತೆಗೆಸಿಕೊಂಡಿದ್ದ ಗೇರ್ ಸೈಕಲ್ಲು ವಾರದೊಳಗೆ ಬಾಲ್ಕನಿ ಸೇರಿ, ಒದ್ದೆ ಟವೆಲ್ ಹರವುವ ಸ್ಟ್ಯಾಂಡ್ ಆಗಿತ್ತು. ಅದರ ದೂಳು ಒರೆಸುವುದೂ ರತ್ನಪ್ರಭಾಳ ಕೆಲಸವೇ. ಒಂದು ಭಾನುವಾರ ಒರೆಸಿ ಒರೆಸಿ ಬೇಸತ್ತು, ಟವೆಲ್ ಎತ್ತಿ ಬಿಸಾಕಿ, ಸೈಕಲ್ಲನ್ನು ಲಿಫ್ಟಿನಲ್ಲಿಟ್ಟುಕೊಂಡು ಇಳಿದಳು. ಆಮೇಲೆ ಸೆಕ್ಟರಿನ ಹೆಂಗಸರ ಗುಂಪೊಂದಕ್ಕೆ ಸೇರಿದಳು. ಅವರು ಪ್ರತಿ ಭಾನುವಾರ ನಸುಕಿನಲ್ಲಿ ಹೊರಟು, ಗುರುಗ್ರಾಮದ ಕಡೆಗಿನ ಗುಡ್ಡದ ರಸ್ತೆಯಲ್ಲಿ ಏರು ಹತ್ತಿ, ಮೇಲೆ ಚಹಾ ಕುಡಿದು ಬರುತ್ತಾರೆ. ರತ್ನಪ್ರಭಾ ಆ ಚಹಾ ಕುಡಿದವಳಲ್ಲ. ಏರಿನ ಬುಡ ತಲುಪುವಷ್ಟರಲ್ಲಿ ಅವಳಿಗೆ ಫೋನು ಬರುತ್ತದೆ.

“ಪ್ರಭಾ, ಬರ್ತಾ ಹಾಲು ತಗೊಂಡ್ಬಾ. ಹಾಗೇ ಕೊತ್ತಂಬರಿ. ಸ್ಫೂರ್ತಿಗೆ ಬಿಸಿ ಜಿಲೇಬಿ ಬೇಕಂತೆ.”

“ಹಾಲಿನ ಬೂತು ನಮ್ಮ ಗೇಟಿನ ಎದುರಿಗೇ ಇದೆಯಲ್ರೀ.”

“ನೀನು ಹೇಗೂ ಹೊರಗಿದೀಯಲ್ಲ. ಬೇಗ ಬಾ, ಅಮ್ಮ ಕಾಫಿಗೆ ಕಾಯ್ತಿದಾಳೆ.”

ಅವಳು ಹಿಂತಿರುಗುತ್ತಾಳೆ. ಬೂತಿನ ಮುಂದೆ ಕ್ಯೂ, ಜಿಲೇಬಿ ಅಂಗಡಿಯ ಮುಂದೆ ಕ್ಯೂ. ಬೆನ್ನಿನ ಚೀಲದಲ್ಲಿ ಹಾಲಿನ ಪ್ಯಾಕೆಟ್ ಸೋರಿ ಅಂಗಿ ಒದ್ದೆ.

ಇದರ ಜೊತೆಗೆ ಕಾಲಿನ ತೊಂದರೆ. ಮಾಮೂಲಿ ಕ್ಯಾನ್ವಾಸ್ ಶೂವಿನ ತೆಳು ಅಟ್ಟೆ ಪೆಡಲಿನ ಮೇಲೆ ಬಾಗಿ ಬೆರಳುಗಳು ಜೋಮು ಹಿಡಿಯುತ್ತಿದ್ದವು. ಗುಂಪಿನವರು ಸೈಕಲ್ಲಿಗೆಂದೇ ಮಾಡಿದ ಶೂ ತಗೋ ಎಂದರು. ಸಂಜೆ ಹೋಗು, ದಿನವಿಡೀ ನಿಂತು ಕಾಲು ಊದಿರುತ್ತೆ, ಆಗ ಹಿಡಿಸಿದ ಶೂ ಯಾವಾಗಲೂ ಹಿಡಿಸುತ್ತೆ ಎಂದೂ ಹೇಳಿಕೊಟ್ಟರು. ಶನಿವಾರ ಮನೆ ಒರೆಸಿ, ದೋಸೆಗೆ ರುಬ್ಬಿ, ವಾರದ ಬಟ್ಟೆ ಇಸ್ತ್ರಿ ಮಾಡಿದ ಕಾಲನ್ನು ಹೊತ್ತುಕೊಂಡು ಅವಳು ಗುರುಗ್ರಾಮದ ಅಂಗಡಿಗೆ ಹೋದಳು. ಊತಕ್ಕೇನೂ ಕೊರತೆಯಿರಲಿಲ್ಲ. “ಒಬ್ಬಳೇ ಹೋದ್ರೆ ಟೋಪಿ ಹಾಕ್ತಾರೆ” ಎಂದು ದಕ್ಷಿಣಾಮೂರ್ತಿಯೂ ಬಂದ.

ಅಂಗಡಿಯವನು ಅವಳ ಪಾದ ಅಳೆದ; ಪ್ರಶ್ನೆ ಕೇಳಿದ್ದು ಮಾತ್ರ ಗಂಡನನ್ನು. “ಸರ್, ಮೇಡಂ ಎಷ್ಟು ದೂರ ಓಡಿಸ್ತಾರೆ?”

“ಎಲ್ಲಿಯ ದೂರ, ಸುಮ್ನೆ ಇಲ್ಲೇ ಸುತ್ತಾಡ್ತಾಳೆ.”

“ಏರು ಹತ್ತಬೇಕು ಭಯ್ಯಾ” ಎಂದಳು ರತ್ನಪ್ರಭಾ. ಅಂಗಡಿಯವನು ತಲೆಯಾಡಿಸಿ ಹೆಂಗಸರ ಶೂಗಳನ್ನು ತಂದ. ಎಲ್ಲದಕ್ಕೂ ಗುಲಾಬಿ ಗೆರೆ, ಎಲ್ಲವೂ ಇಕ್ಕಟ್ಟು. ಅಡುಗೆಮನೆಯ ಕಲ್ಲಿನ ಮೇಲೆ ವರ್ಷಗಟ್ಟಲೆ ನಿಂತು ಅಗಲವಾದ ಪಾದ ಒಂದರೊಳಗೂ ಇಳಿಯಲಿಲ್ಲ. ಕಿರುಬೆರಳು ಮಡಚಿಕೊಂಡು ಉರಿಯಿತು. ಹೆಂಗಸರ ಕಾಲು ಹೀಗಿರುತ್ತದೆಂದು ಇದನ್ನು ಮಾಡಿದವರಿಗೆ ಯಾರು ಹೇಳಿದರೋ ಎಂದು ಅವಳಿಗೆ ರೇಗಿಹೋಯಿತು. ಕೊನೆಗೆ ಗಂಡಸರದ್ದನ್ನು ತರಿಸಿದಳು. ಬೆರಳು ಆಡಿತು, ಹಿಮ್ಮಡಿ ಏಳಲಿಲ್ಲ.

ಅದರಲ್ಲೂ ಎರಡು ತರಹ. ಮೊದಲನೆಯದರ ಅಡಿಯಲ್ಲಿ ರಬ್ಬರಿನ ಹಲ್ಲು. ಪೆಡಲಿಗೆ ಕಚ್ಚಿಕೊಳ್ಳುವ ಬಿಲ್ಲೆ ಅದರೊಳಗೆ ಹುದುಗಿರುತ್ತದೆ. ಎರಡನೆಯದರ ಅಟ್ಟೆ ಹಲಗೆಯಷ್ಟು ಗಟ್ಟಿ. ದೊಡ್ಡ ಬಿಲ್ಲೆ ಹೊರಗೇ ಉಬ್ಬಿ ನಿಂತಿರುತ್ತದೆ.

ದಕ್ಷಿಣಾಮೂರ್ತಿ ಮೊದಲನೆಯದನ್ನು ಎತ್ತಿ ಬಾಗಿಸಿ ನೋಡಿದ. “ಇದೇ ಸರಿ. ಬಾಳಿಕೆ ಬರುತ್ತೆ. ಸೈಕಲ್ಲೂ ತುಳೀಬಹುದು, ಇಳಿದು ಹಾಲು, ತರಕಾರಿನೂ ತರಬಹುದು.”

“ಇನ್ನೊಂದು?” ಎಂದು ಅವಳು ಅಂಗಡಿಯವನನ್ನು ಕೇಳಿದಳು.

“ಏರಿಗೆ ಅದೇ ಒಳ್ಳೇದು ಮೇಡಂ, ತುಳಿದಿದ್ದೆಲ್ಲ ಪೆಡಲಿಗೇ ಹೋಗುತ್ತೆ. ಆದ್ರೆ ನಡೆಯೋಕಾಗಲ್ಲ. ಮಾರ್ಬಲ್ ಮೇಲೆ ಜಾರುತ್ತೆ. ಜಾಸ್ತಿ ಓಡಾಡಿದ್ರೆ ಬಿಲ್ಲೆ ಸವೆದುಹೋಗುತ್ತೆ.”

“ಅಂಗಡಿಯ ಕ್ಯೂನಲ್ಲಿ ನಿಲ್ಲೋಕೆ?”

“ಅದಕ್ಕಲ್ಲ ಮೇಡಂ ಇದು. ಸೈಕಲ್ ಬಿಟ್ರೆ ಇದು ಯಾತಕ್ಕೂ ಬರಲ್ಲ.”

“ಇದನ್ನೇ ಕೊಡಿ, ಇದಕ್ಕೆ ಹೊಂದೋ ಪೆಡಲೂ ಕೊಡಿ” ಎಂದಳು.

ಮನೆಯಲ್ಲಿ ಅತ್ತೆ ಗಿರಿಜಮ್ಮ ಶೂ ತಿರುಗಿಸಿ ನೋಡಿ, “ನಡೆಯೋಕೆ ಬರದೇ ಇರೋದಕ್ಕೆ ದುಡ್ಡು ಕೊಟ್ಟು ಬಂದ್ರಾ?” ಎಂದರು. ಬೆಳಿಗ್ಗೆ ಅವಳು ಟಕ್ ಟಕ್ ಎಂದು ಗೋಡೆ ಹಿಡಿದು ಬಾಗಿಲಾಚೆ ಹೆಜ್ಜೆಯಿಡುವಾಗ ಸ್ಫೂರ್ತಿ ನಿದ್ದೆಗಣ್ಣಲ್ಲೇ ನಕ್ಕಳು. “ಅರೆ ಯಾರ್, ಅಮ್ಮ ಬಾತುಕೋಳಿ ಥರ ನಡೀತಾಳೆ.”

ದಕ್ಷಿಣಾಮೂರ್ತಿ ಒಂದು ಪ್ಲಾಸ್ಟಿಕ್ ಕವರ್ ಹಿಡಿದು ಬಂದ. ಒಳಗೆ ಅವನ ಹವಾಯಿ ಚಪ್ಪಲಿ. “ಚೀಲದಲ್ಲಿಟ್ಕೋ. ಬೂತಿನ ಹತ್ರ ಶೂ ಬಿಚ್ಚಿ ಇದನ್ನ ಮೆಟ್ಕೊಂಡ್ರಾಯ್ತು.”

ಅವಳಿಗೆ ಒಂದು ಕ್ಷಣ ಅಳುವೇ ಬಂತು. ರಾತ್ರಿಯೆಲ್ಲ ಯೋಚಿಸಿರಬೇಕು ಮನುಷ್ಯ. ತಾನೇ ಗೇಟು ದಾಟಿ ಬೂತಿಗೆ ಹೋಗುವುದೊಂದನ್ನು ಬಿಟ್ಟು ಬೇರೆಲ್ಲವನ್ನೂ ಯೋಚಿಸಿದ್ದಾನೆ.

“ಚಪ್ಪಲಿ ನಿಮ್ಮ ಕಾಲಿಂದು” ಎಂದಳು. “ನೀವೇ ಮೆಟ್ಕೊಂಡು ಹೋಗಿ.” ಬೆನ್ನಿನ ಚೀಲವನ್ನೂ ಕಳಚಿ ಅವನ ಕೈಗೆ ಕೊಟ್ಟಳು.

ಏರಿನ ಬುಡದಲ್ಲಿ ಫೋನು ಬಂತು. ನಿಲ್ಲಬೇಕಾದರೆ ಹಿಮ್ಮಡಿ ತಿರುಚಿ ಶೂ ಬಿಡಿಸಿಕೊಳ್ಳಬೇಕು. ಬಿಡಿಸಿಕೊಳ್ಳಲಿಲ್ಲ. ಜೇಬಿನಲ್ಲಿ ಅದು ಬಡಿದುಕೊಂಡು, ಸುಮ್ಮನಾಗಿ, ಮತ್ತೆ ಬಡಿದುಕೊಂಡಿತು. ಹಾಲಿಗೆ ಹೋದರೋ ಇಲ್ಲವೋ, ಅತ್ತೆ ಕಾಫಿಯಿಲ್ಲದೆ ತಲೆನೋವೆಂದು ಮಲಗಿದರೋ ಎಂದು ಅರ್ಧ ಏರಿನ ತನಕವೂ ತಲೆಯಲ್ಲಿ ಕೊರೆಯುತ್ತಿತ್ತು. ತಾನು ಇಲ್ಲಿದ್ದರೂ ಗ್ಯಾಸಿನ ಮುಂದೆಯೇ ನಿಂತಿದ್ದೇನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂದು, ಆ ಸಿಟ್ಟಿನಲ್ಲೇ ಉಳಿದರ್ಧ ಹತ್ತಿದಳು. ಬೆರಳು ಜೋಮು ಹಿಡಿಯಲಿಲ್ಲ. ಮೇಲೆ ಹೊಗೆಮಂಜು, ಲಾರಿಗಳು, ಸಕ್ಕರೆ ಹೆಚ್ಚಾದ ಚಹಾ. ಸೈಕಲ್ಲಿಗೊರಗಿ ನಿಂತೇ ಎರಡು ಲೋಟ ಕುಡಿದಳು.

ಮನೆಗೆ ಬಂದಾಗ ಬಾಗಿಲಲ್ಲೇ ಅತ್ತೆ. “ಪಾಪ, ಮೂರ್ತಿ ಮುಖ ಕೂಡ ತೊಳೀದೆ ಹಾಲಿಗೆ ಓಡಿದ. ಆ ಕ್ಯೂನಲ್ಲಿ ನಿಂತು ನಿಂತು ಮಗುವಿನ ಕಾಲೇ ಬಿದ್ದುಹೋಯ್ತು.” ಐವತ್ತರ ಮಗು ಸೋಫಾದ ಮೇಲೆ ಕಾಲು ಚಾಚಿ ಪೇಪರ್ ಓದುತ್ತಿತ್ತು.

“ಕಾಫಿ ಆಯ್ತಾ?” ಎಂದಳು ರತ್ನಪ್ರಭಾ.

“ಹಾಲು ತಂದಿಟ್ಟಿದೀನಿ” ಎಂದ ಅವನು, ಪೇಪರಿನಿಂದ ತಲೆಯೆತ್ತದೆ. “ಕಾಯಿಸೋದೊಂದೇ ಬಾಕಿ.”

ಸಿಂಕಿನ ಪಕ್ಕ ಪ್ಯಾಕೆಟ್ಟುಗಳು ಕತ್ತರಿಸದೆ ಬಿದ್ದಿದ್ದವು. ಅವಳು ಶೂ ಬಿಚ್ಚಲು ಬಗ್ಗಿದವಳು, ಪಟ್ಟಿಯ ಮೇಲೆ ಕೈಯಿಟ್ಟು ಹಾಗೇ ನಿಂತಳು. ಆಮೇಲೆ ಕೈ ತೆಗೆದು, ಹೊರಗೆ ಮೆಟ್ಟಿಲ ಮೇಲೆ ಕುಳಿತಳು, ಶೂ ತೊಟ್ಟುಕೊಂಡೇ.

“ಒಳಗೆ ಬರಲ್ವಾ?” ಎಂದರು ಅತ್ತೆ.

“ಇದರಲ್ಲಿ ಮಾರ್ಬಲ್ ಮೇಲೆ ನಡೆಯೋಕಾಗಲ್ಲ ಅತ್ತೆ. ನೀವು ಕಾಫಿ ಕುಡೀರಿ. ಮಾಡಿದ್ರೆ ನಂಗೂ ಅರ್ಧ ಲೋಟ ಇರ್ಲಿ.”

ಒಳಗೆ ಪೇಪರಿನ ಪುಟ ಮಗುಚಿದ ಸದ್ದಾಯಿತು. ಗ್ಯಾಸ್ ಹೊತ್ತಿಸಿದ ಸದ್ದು ಬಹಳ ಹೊತ್ತು ಬರಲಿಲ್ಲ. ಅವಳೂ ಏಳಲಿಲ್ಲ.