ಗಾಡಿ ಮೂಕಿಯ ಮೇಲೊಂದು ಗುಡಿ

"ಆ ಬಿಲ್ಲೆ ಕೀಳಿ ಗೌಡ್ರೆ, ಇಲ್ದಿದ್ರೆ ಗಾಡಿ ಒಳಕ್ಕೆ ಬಿಡಲ್ಲ" ಎಂದು ಪೇಟೆಯ ಗೇಟಿನಲ್ಲಿ ತೆರಿಗೆ ವಸೂಲಿಯವರು ಕೂಗಿದ್ದು ಕೇಳಿ ಸೈಕಲ್ ನಿಲ್ಲಿಸಿದೆ. ಎಪ್ಪತ್ತರ ದಶಕದ ಮಾತು. ಮಂಡ್ಯಕ್ಕೆ ಬರುವ ಎತ್ತಿನ ಗಾಡಿಗಳ ಮುಂದೆ ನೊಗ ಕಟ್ಟುವ ಮೂಕಿಯ ಮೇಲೆ ಸರ್ಕಾರಿ ನಂಬರಿನ ತಗಡು ಬಿಲ್ಲೆ ಕಾಣಬೇಕಿತ್ತು. ಬಸರಾಳು ಕಡೆಯ ಈ ಯಜಮಾನರ ಕಬ್ಬಿನ ಗಾಡಿಯಲ್ಲಿ ಆ ಜಾಗದಲ್ಲಿ ಗುಡಿಯ ಚಿತ್ರ ಬರೆದ ಬಿಲ್ಲೆಯಿತ್ತು. ನಂಬರಿನದು ಹಿಂದುಗಡೆ ಸೋಗೆಯ ಮರೆಯಲ್ಲಿತ್ತು.

ಇದೇನೆಂದು ಕೇಳಿದೆ. ಅವರೂರಿನ ಹಳೆಯ ಕಲ್ಲುಗುಡಿ ಸೋರುತ್ತಿತ್ತಂತೆ. ಗಾರೆ ಹಾಕಿಸಲು ಕೈಲಾದಷ್ಟು ಕೊಟ್ಟವರ ಗಾಡಿಗೆಲ್ಲ ಊರವರು ಇಂಥದೊಂದು ಬಿಲ್ಲೆ ಹೊಡೆಸಿದ್ದರು.

"ಗುಡೀದು ಹಿಂದಕ್ಕೆ ಹಾಕಿ, ನಂಬರು ಮುಂದೆ ಬರ್ಲಿ" ಎಂದರು ವಸೂಲಿಯವರು.

"ದ್ಯಾವ್ರಿಗೆ ಬೆನ್ನಾಕಿ ಕುಂತ್ಕಂಡು ಗಾಡಿ ಒಡಿಯಕ್ಕಾದದಾ ಸ್ವಾಮಿ? ಬೇಕಾದ್ರೆ ಗಾಡಿ ಇಡ್ಕಳಿ, ಕಬ್ಬು ಒಣುಗ್ಲಿ ಬುಡಿ!"

ಹಿಂದಿನ ಗಾಡಿಯವನು ರೇಗಿದ: "ಲೇ, ನಿನ್ ದ್ಯಾವ್ರ ಇಂದೆ ನಮ್ ಕಬ್ಬೂ ಒಣಗ್ತದೆ ಕಣ್ಲಾ!"

ವಸೂಲಿಯವರು ಚಿತ್ರವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹಿಂದೆ ಹೋಗಿ, ನಂಬರಿನ ಬಿಲ್ಲೆಯನ್ನು ತಾವೇ ಕಿತ್ತು ತಂದು, ಗುಡಿಯ ಕೆಳಗೆ ಮೆಟ್ಟಿಲಿನ ಹಾಗೆ ಹೊಡೆದು, "ನಡೀರಿ" ಎಂದರು.

ಕುತೂಹಲ ತಡೆಯಲಾರದೆ ಮುಂದೊಂದು ಭಾನುವಾರ ಆ ಊರಿಗೆ ಹೋದೆ. ಗುಡಿಯ ಸೂರಿನ ಕಲ್ಲುಗಳ ಸಂದಿನಲ್ಲಿ ಹೊಸ ಗಾರೆ ಬೆಳ್ಳಗೆ ಕಾಣುತ್ತಿತ್ತು. ಅದರಲ್ಲಿ ಆ ಯಜಮಾನರ ಪಾಲಿನದು ಯಾವುದಿರಬಹುದೆಂದು ಕತ್ತೆತ್ತಿ ಹುಡುಕುತ್ತ ನಿಂತವನು ಕೈಮುಗಿಯುವುದನ್ನೇ ಮರೆತಿದ್ದೆ.