ಹಾಳೆ ತಿರುಗಿಸಿ ನೋಡುವ ಶಂಕ್ರವ್ವ

ಶಂಕ್ರವ್ವ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ, ಕೆಳಗೆ ದೀಪವಿದ್ದ ಗಾಜಿನ ಮೇಜಿನ ಮೇಲಿಟ್ಟು ಹಾಳೆ ಆರಿಸಿದವಳು. ಅವಳ ಕಣ್ಣಿಗೆ ಮಣ್ಣೆರಚುವ ಗಂಡು ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಸಾಸಿವೆಯ ಕಾಲುಭಾಗದಷ್ಟು ಕಸ ಕಂಡರೂ ಹಾಳೆ ಪಕ್ಕಕ್ಕೆ! ಕೆಲಸದಿಂದ ನಿವೃತ್ತಿಯಾಗಿದೆ, ಕಣ್ಣಿಗೆ ಮಾತ್ರ ಆಗಿಲ್ಲ. ಹೋದ ಮನೆಯಲ್ಲೆಲ್ಲ ಅನ್ನದೊಳಗಿನ ಕಲ್ಲು ಎತ್ತಿ ತೋರಿಸಿ ಬೈಸಿಕೊಳ್ಳುತ್ತಾಳೆ, ಪುಣ್ಯಾತ್ಗಿತ್ತಿ.

ಆ ಭಾನುವಾರ ತಮ್ಮನ ಮಗಳು ಪೂರ್ಣಿಮಾ ಧಾರವಾಡದಿಂದ ಬಂದವಳೇ ಲ್ಯಾಪ್‌ಟಾಪ್ ತೆರೆದು ಮುಖ ಊದಿಸಿಕೊಂಡು ಕೂತಳು. ಎಂ.ಎಸ್ಸಿ ಪ್ರಾಜೆಕ್ಟು. ಲಕ್ಷಾಂತರ ನಕ್ಷತ್ರಗಳು ಚೆಂಡಿನಂತೆ ಒತ್ತೊತ್ತಾಗಿ ಸೇರಿದ ಗುಚ್ಛವೊಂದರ ಎಕ್ಸ್-ರೇ ಚಿತ್ರ. ಅದರಲ್ಲಿ ಮಸುಕು ಚುಕ್ಕೆ ಹುಡುಕಬೇಕು. ಅವಳಿಗೆ ಎರಡು ಸಿಕ್ಕಿದ್ದವು, ಒಂದು ದಪ್ಪ, ಒಂದು ಸಣ್ಣದು.

"ಸತ್ತ ಚುಕ್ಕಿ ಬಾಜೂಕಿನ ಚುಕ್ಕಿನ್ನ ಹೀರತಿರತೈತಿ ಅತ್ತಿ. ಆವಾಗ ಎಕ್ಸ್-ರೇ ಬರತಾವು."

"ಸತ್ರೂ ಬಾಜೂ ಮನಿಯವ್ರನ್ನ ಬಿಡಂಗಿಲ್ಲಲ್ಲ!"

"ನಗಬ್ಯಾಡ. ದಪ್ಪಂದ ಇಟ್ಕೋ, ಸಣ್ಣದು ಬರೇ ಕಸ, ತಗದ ಹಾಕು ಅಂದಾರ ನಮ್ಮ ಸರ್. ಆರು ತಿಂಗಳಿಂದ ಆ ಸಣ್ಣದರ ಬೆನ್ನ ಹತ್ತೇನಿ. ನಾಳೆ ಕೊಡಬೇಕು." ಅವಳ ಕಣ್ಣಲ್ಲಿ ನೀರೇ ಬಂತು.

ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಶಂಕ್ರವ್ವ ಬಗ್ಗಿ ನೋಡಿದಳು. "ಹಾಳಿ ತಿರುಗಿಸಿ ನೋಡೀ ಏನು?"

"ಅಂದ್ರ?"

"ಅಯ್ಯ ಶಿವನ! ಕಸ ಹಾಳ್ಯಾಗ ಐತೋ, ಕೆಳಗಿನ ಗಾಜಿನ್ಯಾಗ ಐತೋ, ಹೆಂಗ ಗೊತ್ತಾಗಬೇಕು? ಹಾಳಿ ಕೂಡ ತಿರುಗಿದ್ರ ಹಾಳೀದು. ನಿಂತಲ್ಲೇ ನಿಂತ್ರ ಗಾಜಿಂದು. ಮೊದಲನೇ ವಾರ ಗಾಜಿನ ಕಲಿ ನೋಡಿ ಒಂದು ಕಟ್ಟು ಚಲೋ ಹಾಳಿ ತಗದ ಒಗದಿದ್ದೆ. ಬೈಸ್ಕೊಂಡ ಕಲತೇನಿ."

ಪೂರ್ಣಿಮಾ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡಳು. ಎರಡು ತಿಂಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳಿದ್ದವು. ಎರಡನೆಯ ಸಲ ದುರ್ಬೀನು ಓರೆಯಾಗಿ ತಿರುಗಿತ್ತು. ಅವಳೋ ಎರಡನ್ನೂ ಕೂಡಿಸಿಯೇ ನೋಡಿದ್ದಳು! ಈಗ ಬೇರೆ ಬೇರೆಯಾಗಿ, ಕ್ಯಾಮೆರಾ ಕಂಡಂತೆಯೇ ತೆರೆದಳು. ದಪ್ಪ ಚುಕ್ಕೆ ಎರಡು ಸಲವೂ ಕ್ಯಾಮೆರಾದ ಅದೇ ಮೂಲೆಯಲ್ಲಿ ಕೂತಿತ್ತು, ಅದು ಕ್ಯಾಮೆರಾದ ಕಲೆ. ಸಣ್ಣದು?

"ಬಾಕಿ ನಕ್ಷತ್ರಗೋಳ ಕೂಡ ತಿರುಗೇತಿ ಅತ್ತಿ! ತಿರುಗೇತಿ!" ಎಂದು ಅತ್ತೆಯನ್ನು ಅಪ್ಪಿಕೊಂಡಳು. ಮೆಣಸಿನಕಾಯಿಯೆಲ್ಲ ನೆಲದ ಪಾಲಾಯಿತು.

ಸರ್ ಒಪ್ಪಿದರು. ತಿಂಗಳ ಮೇಲೆ ಪೂರ್ಣಿಮಾ ಅಚ್ಚಾದ ವರದಿ ತಂದಳು. ಮೊದಲ ಪುಟದಲ್ಲೇ, ಹಾಳೆ ತಿರುಗಿಸಲು ಕಲಿಸಿದ ಶಂಕ್ರವ್ವನವರಿಗೆ ನಮಸ್ಕಾರ ಎಂದಿತ್ತು. ಶಂಕ್ರವ್ವ ಎರಡು ಸಲ ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, ಹುಟ್ಟುಗುಣ ಎಲ್ಲಿ ಹೋದೀತು, ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿ ಮತ್ತೆ ಹಿಡಿದಳು.

"ನನ್ನ ಹೆಸರಿನ ಬಾಜೂಕ ಒಂದು ಕಸ ಐತಿ ಪೂರ್ಣೀ. ಹಾಳೀದ ಐತಿ."

ಪೂರ್ಣಿಮಾಳ ಮುಖ ಬಾಡಿತು. "ಬ್ಯಾರೆ ತಗಸ್ಲೇನು ಅತ್ತಿ?"

"ಸುಮ್ನಿರ," ಎಂದು ಶಂಕ್ರವ್ವ ವರದಿಯನ್ನು ಎದೆಗವಚಿಕೊಂಡಳು. "ಮೂವತ್ತೊಂದು ವರ್ಷದಾಗ ಕಸ ಇದ್ದೂ ಇದೊಂದು ಹಾಳಿ ಪಾಸ್ ಮಾಡೇನಿ."